ಕೂಗದೆ ಹೆತ್ತವಳು

ನಮ್ಮ ಹೆರಿಗೆ ವಾರ್ಡಿನಲ್ಲಿ ಕಣ್ಣಿಗಿಂತ ಕಿವಿಗೇ ಕೆಲಸ ಜಾಸ್ತಿ. ಹತ್ತೊಂಬತ್ತು ಹಾಸಿಗೆ, ಇಬ್ಬರು ಸಿಸ್ಟರುಗಳು, ಆಯಾ ಅಂತ ನಾನೊಬ್ಬಳು. ಗಳಿಗೆಗೊಮ್ಮೆ ಪ್ರತಿ ಹಾಸಿಗೆಯ ಹತ್ತಿರ ಹೋಗಿ ನೋಡಲು ಯಾರಿಗೆ ಪುರುಸೊತ್ತಿದೆ? ಹಾಗಾಗಿ ಮೇಜಿನ ಹತ್ತಿರ ಕೂತೇ ಕೇಳಿಸಿಕೊಳ್ಳುವುದು ಮೊದಲಿನಿಂದ ಬಂದ ರೂಢಿ. ನೋವು ಶುರುವಾದವಳ ಕೂಗು ಒಂದು ಥರ, ನೋವು ಏರಿದವಳದು ಇನ್ನೊಂದು ಥರ. ಮಗು ಕೆಳಗಿಳಿದು ಮುಕ್ಕುವವಳದು ಬೇರೆಯೇ. ಅದು ಗಂಟಲಿನಿಂದ ಬರುವುದಿಲ್ಲ, ಮೂಟೆ ಎತ್ತುವ ಹಮಾಲಿಯ ದನಿಯ ಹಾಗೆ ಹೊಟ್ಟೆಯ ತಳದಿಂದ ಬರುತ್ತದೆ. ದೊಡ್ಡ ಸಿಸ್ಟರ್ ಬರೆಯುತ್ತಿದ್ದ ಪೆನ್ನು ಕೂಡ ಎತ್ತದೆ, “ಏಳನೇ ಹಾಸಿಗೆಯವಳನ್ನ ಒಳಗೆ ಕರಕೊಂಡು ಹೋಗು” ಎನ್ನುತ್ತಿದ್ದರು. ಕರಕೊಂಡು ಹೋಗಿ ಟೇಬಲ್ಲಿನ ಮೇಲೆ ಮಲಗಿಸುವಷ್ಟರಲ್ಲಿ ಮಗುವಿನ ತಲೆ ಕಾಣಿಸುತ್ತಿತ್ತು. ನನ್ನ ಇಪ್ಪತ್ತೆರಡು ವರ್ಷದಲ್ಲಿ ಅವರ ಕಿವಿ ತಪ್ಪಿದ್ದು ಎರಡೋ ಮೂರೋ ಸಲ.

ಕೂಗಿದರೆ ಏಟೂ ಬೀಳುತ್ತಿತ್ತು. ತೊಡೆಗೆ, ಒಮ್ಮೊಮ್ಮೆ ಕೆನ್ನೆಗೆ. “ಆವಾಗ ನಗ್ತಾ ಇದ್ದೆ, ಈಗ ಯಾಕಮ್ಮ ಅಳು?” ಎಂಬ ಮಾತು ದಿನಕ್ಕೆ ಹತ್ತು ಸಲ ಕಿವಿಗೆ ಬೀಳುತ್ತಿತ್ತು. ನಾನು ಅವರನ್ನು ಕೆಟ್ಟವರೆಂದು ಹೇಳುವುದಿಲ್ಲ. ದೊಡ್ಡ ಸಿಸ್ಟರ್ ಕಾಲು ಊದಿಕೊಂಡು ಚಪ್ಪಲಿಯ ಪಟ್ಟಿ ಹಾಕಲಾಗದೆ ಎಳೆದುಕೊಂಡು ನಡೆಯುತ್ತಿದ್ದರು. ಯಾರದೋ ಮನೆಯ ಬಾಣಂತಿಗೆ ತಮ್ಮ ಡಬ್ಬಿಯ ಊಟ ಕೊಟ್ಟು ತಾವು ಬರೀ ಟೀ ಕುಡಿದದ್ದನ್ನೂ ನೋಡಿದ್ದೇನೆ. ಅದೇ ಕೈಯೇ ಹೊಡೆಯುತ್ತಿತ್ತು. ಮೊದಲ ವರ್ಷ ನನಗೆ ನಿದ್ದೆ ಬರುತ್ತಿರಲಿಲ್ಲ. ಆಮೇಲೆ ಅಭ್ಯಾಸವಾಯಿತು. ಅದಾದ ಮೇಲೆ ನಾನೇ ಒಂದು ಉಪಾಯ ಕಂಡುಕೊಂಡೆ. ಹೊಸದಾಗಿ ಬಂದವಳ ಚೀಲ ಎತ್ತಿಕೊಂಡು ಹಾಸಿಗೆ ತೋರಿಸುವಾಗ ಕಿವಿಯಲ್ಲಿ ಹೇಳಿಬಿಡುವುದು: “ಕೂಗಬೇಡಮ್ಮ. ಹಲ್ಲು ಕಚ್ಚಿಕೊಂಡಿರು. ಕೂಗದವರನ್ನ ಇಲ್ಲಿ ಚೆನ್ನಾಗಿ ನೋಡ್ಕೋತಾರೆ.”

ಹೆಚ್ಚಿನವರಿಗೆ ಆ ಮಾತು ಪಾಲಿಸಲು ಆಗುತ್ತಿರಲಿಲ್ಲ. ಸ್ವಲ್ಪ ಹೊತ್ತು ತಡೆದುಕೊಂಡು, ಕೊನೆಗೆ ಕೂಗಿಯೇ ಬಿಡುತ್ತಿದ್ದರು. ಏಟು ತಿಂದರೂ ಮಕ್ಕಳು ಬದುಕುತ್ತಿದ್ದವು. ಕೂಗಿನ ಮೇಲೆ ನಡೆಯುವ ವಾರ್ಡಿನಲ್ಲಿ ಕೂಗಬೇಡ ಅನ್ನುತ್ತಿದ್ದೇನೆ ಎಂಬುದು ಅಷ್ಟು ವರ್ಷವಾದರೂ ನನ್ನ ತಲೆಗೆ ಹೊಳೆಯಲೇ ಇಲ್ಲ.

ನನ್ನ ಅಕ್ಕನ ಮಗಳನ್ನು ಊರೆಲ್ಲ ಮೈಕು ಅಂತಲೇ ಕರೆಯುವುದು. ಅಕ್ಕ ತೀರಿಹೋದಾಗ ಅವಳಿಗೆ ಒಂಬತ್ತು ವರ್ಷ, ಆಮೇಲೆ ನನ್ನ ಹತ್ತಿರವೇ ಬೆಳೆದಳು. ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಷ್ಟನೇ ಅಂಕಣದಲ್ಲಿ ನಿಂತಿದೆ ಅಂತ ಮೈಕಿನಲ್ಲಿ ಹೇಳುವ ಕೆಲಸ ಅವಳದು. ಬರೀ ಅಷ್ಟನ್ನೇ ಹೇಳಿದರೆ ಅವಳು ಮೈಕು ಹೇಗಾದಾಳು? “ಮೂರನೇ ಅಂಕಣದ ಬಸ್ಸು ಹೊರಡುತ್ತಿದೆ, ಕಡಲೆಕಾಯಿ ತಿನ್ನುತ್ತಾ ನಿಂತಿರುವ ಯಜಮಾನರೇ, ನಿಮ್ಮವರು ಆಗಲೇ ಹತ್ತಿ ಕೂತಿದ್ದಾರೆ” ಎಂದು ಸೇರಿಸುತ್ತಿದ್ದಳು. ಜನ ನಗುತ್ತಾ ಓಡುತ್ತಿದ್ದರು. ಮೇಲಧಿಕಾರಿ ಎರಡು ಸಲ ಬೈದರು. ಮೂರನೇ ಸಲ ಅವರೂ ನಕ್ಕರು.

ಅವಳ ಹೆರಿಗೆಯ ದಿನ ಹತ್ತಿರ ಬಂದಾಗ ಒಂದು ಸಂಜೆ ಮನೆಗೆ ಹೋಗಿದ್ದೆ. ಅವಳ ಗಂಡ ನಲ್ಲಿ ರಿಪೇರಿ ಮಾಡುವವನು, ಬಾಯಿ ಸತ್ತವನು ಅಂತ ನಾವು ತಮಾಷೆ ಮಾಡುತ್ತಿದ್ದೆವು. ಆ ಮನೆಯಲ್ಲಿ ಅವನಿಗೆ ಬಾಯಿ ತೆರೆಯಲು ಸಂದು ಸಿಕ್ಕಿದ್ದರೆ ತಾನೇ!

“ಚಿಕ್ಕಮ್ಮ, ನಿಮ್ಮ ಆಸ್ಪತ್ರೇಲಿ ಹೊಡೀತಾರಂತೆ ಹೌದಾ?” ಮೈಕು ಕೇಳಿದಳು.

“ಕೂಗಿದವರಿಗೆ ಅಷ್ಟೇ.”

“ನಾನು ಕೂಗಿಯೇ ಸಂಬಳ ತಗೊಳ್ಳೋಳು. ನನಗೆ ಯಾರಾದರೂ ಕೈ ಎತ್ತಿದರೆ ಹೆರಿಗೆ ಅರ್ಧಕ್ಕೆ ನಿಲ್ಲಿಸಿ ಎದ್ದು ವಾಪಸ್ ಕೊಡ್ತೀನಿ, ಹೇಳಿದೀನಿ.”

“ಹಾಗೆಲ್ಲ ಮಾತಾಡಬೇಡ. ಅಲ್ಲಿ ನಾನಿರ್ತೀನಿ, ನನ್ನ ಮಾನ ತೆಗೀಬೇಡ. ನಾಲ್ಕೈದು ಗಂಟೆ ಬಾಯಿಗೆ ಬೀಗ ಹಾಕ್ಕೊಂಡಿರು, ಚಿನ್ನದಂಥ ಮಗು ಎತ್ತಿಕೊಂಡು ಬರ್ತೀಯ.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಗಂಡ ಅಪರೂಪಕ್ಕೆ ಬಾಯಿಬಿಟ್ಟ: “ಇವಳು ನಾಲ್ಕು ಗಂಟೆ ಸುಮ್ಮನಿದ್ದರೆ ಜೀವಮಾನಪೂರ್ತಿ ಈ ಮನೇಲಿ ಪಾತ್ರೆ ನಾನೇ ತೊಳೀತೀನಿ.”

“ಚಿಕ್ಕಮ್ಮ, ನೀವೇ ಸಾಕ್ಷಿ,” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅವಳು ಬಂದದ್ದು ಬೆಳಿಗ್ಗೆ ಏಳಕ್ಕೆ. ಗಂಡಸರು ಕಬ್ಬಿಣದ ಗೇಟು ದಾಟುವ ಹಾಗಿಲ್ಲ. ಅವನು ಹೊರಗಿನ ಕಟ್ಟೆಯ ಮೇಲೆ ಕೂತ. ನಾನು ಚೀಲ ಎತ್ತಿಕೊಂಡು ಹನ್ನೊಂದನೇ ಹಾಸಿಗೆ ಹಿಡಿದುಕೊಟ್ಟೆ. ಗೋಡೆಯ ಪಕ್ಕ, ಕಿಟಕಿಯ ಗಾಳಿ ಬರುವ ಜಾಗ. ಒಳ್ಳೆಯ ಹಾಸಿಗೆ ಕೊಡಿಸಿದೆ ಅಂತ ಒಳಗೊಳಗೇ ಹೆಮ್ಮೆಪಟ್ಟೆ. ಅದು ಮೇಜಿನಿಂದ ತೀರಾ ದೂರದ್ದು ಎಂದು ಆಗ ಯೋಚಿಸಲಿಲ್ಲ. ನನ್ನದೇ ಒಂದು ಚಿಕ್ಕ ಟವೆಲನ್ನು ಸುರುಳಿ ಸುತ್ತಿ ಅವಳ ಕೈಗೆ ಕೊಟ್ಟೆ.

“ನೋವು ಬಂದಾಗ ಇದನ್ನ ಕಚ್ಚು.”

“ರುಚಿ ಹೇಗಿದೆ?”

“ಸೋಪಿನ ರುಚಿ. ಬಾಯಿ ಮುಚ್ಚು.”

ಅವತ್ತು ಮೇಲಿನವರು ವಾರ್ಡು ನೋಡಲು ಬರುವವರಿದ್ದರು. ಮೂರು ದಿನದಿಂದ ನೆಲ ಉಜ್ಜಿ ನನ್ನ ಸೊಂಟ ಬಿದ್ದುಹೋಗಿತ್ತು. ಎಂಟೂವರೆಗೆ ಬಡಗಿಯೊಬ್ಬ ದೊಡ್ಡ ಬೋರ್ಡು ಹೊತ್ತುಕೊಂಡು ಬಂದ. ಗೋಡೆಗೆ ಮೊಳೆ ಹೊಡೆಯುವಾಗ ಏಣಿ ಹಿಡಿದುಕೋ ಎಂದು ದೊಡ್ಡ ಸಿಸ್ಟರ್ ನನ್ನನ್ನು ನಿಲ್ಲಿಸಿದರು. ಗರ್ಭಿಣಿಯರ ಹಕ್ಕುಗಳು ಅಂತ ಮೇಲೆ ಬರೆದಿತ್ತು. ನನಗೆ ಓದು ನಿಧಾನ. ಏಣಿ ಹಿಡಿದುಕೊಂಡು ಒಂದೊಂದೇ ಸಾಲು ಕೂಡಿಸಿ ಓದಿದೆ. ಬೈಯಬಾರದು, ಹೊಡೆಯಬಾರದು. ಮರೆ ಇಲ್ಲದೆ ಪರೀಕ್ಷೆ ಮಾಡಬಾರದು. ಹೆರಿಗೆಯ ಹೊತ್ತಿನಲ್ಲಿ ತನಗೆ ಬೇಕಾದ ಒಬ್ಬರು ಪಕ್ಕದಲ್ಲಿರಬಹುದು.

“ಸಿಸ್ಟರ್,” ಎಂದೆ, “ಹಾಗಾದರೆ ನಮ್ಮ ಹುಡುಗಿ ಹತ್ತಿರ ನಾನು ಒಂದೆರಡು ಗಂಟೆ ನಿಂತ್ಕೊಳ್ಳಲಾ?”

“ಬೋರ್ಡು ಗೋಡೆಗೆ ಬಂದಿರೋದು. ನೀನು ಏಣಿ ನೋಡ್ಕೋ.”

ಬಡಗಿ ಮೇಲಿನಿಂದ ಕಿಸಕ್ಕನೆ ನಕ್ಕ. ಅವನು ಆ ಏಣಿಯ ಮೇಲಿದ್ದಾಗಲೇ ಚಿಕ್ಕ ಸಿಸ್ಟರ್ ಹನ್ನೊಂದನೇ ಹಾಸಿಗೆಗೆ ಬಂದು, ಮರೆಯ ಪರದೆ ಎಳೆಯದೆ, ಒಂದು ಮಾತೂ ಆಡದೆ ಅವಳ ಬಟ್ಟೆ ಮೇಲೆತ್ತಿ ಕೈಹಾಕಿ ನೋಡಿದಳು. ಮೈಕು ಬೆಚ್ಚಿ ಮೊಣಕಾಲು ಕೂಡಿಸಿಕೊಂಡಳು.

“ಹೇಳಿ ಮುಟ್ಟಬಾರದಾ? ಅಲ್ಲಿ ಗಂಡಸು ನಿಂತಿದಾನೆ!”

“ಓಹೋ, ರಾಣಿಯವರು! ಕಾಲು ಅಗಲಿಸು.”

ಮೈಕು ಉತ್ತರ ಕೊಡಲು ಬಾಯಿ ತೆರೆದಳು. ನನಗೆ ಅವಳ ಮುಖ ಗೊತ್ತು. ಒಂದು ಮಾತಿಗೆ ಹತ್ತು ಮಾತು ಬರುವ ಮುಖ ಅದು. ನಾನು ಏಣಿ ಹಿಡಿದಲ್ಲಿಂದಲೇ ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ. ಅವಳು ನನ್ನನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಟವೆಲ್ ತೆಗೆದು ಹಲ್ಲಿನ ನಡುವೆ ಇಟ್ಟುಕೊಂಡು ಮುಖವನ್ನು ಗೋಡೆಗೆ ತಿರುಗಿಸಿದಳು.

“ಚೊಚ್ಚಲು. ಇನ್ನೂ ಬಹಳ ಹೊತ್ತಿದೆ, ಸಂಜೆಯಾಗುತ್ತೆ,” ಎಂದು ಚಿಕ್ಕ ಸಿಸ್ಟರ್ ಕೈ ತೊಳೆದುಕೊಂಡು ಹೋದಳು.

ಆಮೇಲೆ ಅವಳನ್ನು ಯಾರೂ ನೋಡಲಿಲ್ಲ. ಯಾಕೆ ನೋಡಬೇಕು? ಹನ್ನೊಂದನೇ ಹಾಸಿಗೆಯಿಂದ ಸದ್ದೇ ಬರಲಿಲ್ಲವಲ್ಲ. ಸದ್ದಿದ್ದ ನಾಲ್ಕನೆಯವಳನ್ನು ಒಳಗೆ ಕರೆದುಕೊಂಡು ಹೋದರು. ಸದ್ದಿದ್ದ ಹದಿನೈದನೆಯವಳಿಗೆ ಎರಡು ಬಾರಿಸಿ ಸೂಜಿ ಹಾಕಿದರು. ನಾನು ಬಕೆಟ್ಟು ಹಿಡಿದು ಅತ್ತಿತ್ತ ಓಡಾಡುವಾಗ ಎರಡು ಸಲ ಅವಳ ಹತ್ತಿರ ನಿಂತೆ. ಒಮ್ಮೆ ಹಣೆ ಒರೆಸಿದೆ. “ಸರಿಯಾಗಿದೀಯಾ?” ಎಂದರೆ ತಲೆಯಾಡಿಸಿದಳು. ಎರಡನೇ ಸಲ ನನ್ನ ಮಣಿಕಟ್ಟು ಹಿಡಿದು ಬಿಡಲಿಲ್ಲ. ಉಗುರು ಚರ್ಮದೊಳಗೆ ಇಳಿಯಿತು. ಅಷ್ಟರಲ್ಲಿ “ಆಯಾ! ಎಲ್ಲಿ ಹಾಳಾಗಿ ಹೋದೆ?” ಎಂದು ಕರೆ ಬಂತು. ಬೆರಳು ಒಂದೊಂದೇ ಬಿಡಿಸಿಕೊಂಡು ಹೋದೆ.

ಹತ್ತು ಗಂಟೆಗೆ ದೊಡ್ಡ ಸಿಸ್ಟರ್ ಸಾಲಿನ ನಡುವೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದರು: “ಮೇಲಿನವರು ಬರ್ತಿದಾರೆ. ಅವರು ಹೋಗೋವರೆಗೆ ಯಾರ ಉಸಿರೂ ಕೇಳಿಸಬಾರದು. ಕೇಳಿಸಿತೋ, ಆಮೇಲೆ ನಾನಿದೀನಿ.”

ಮೂರು ಜನ ಬಂದರು. ಜೊತೆಗೆ ನಮ್ಮ ಡಾಕ್ಟರಮ್ಮ. ಬೋರ್ಡಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಕನ್ನಡಕದ ಅಧಿಕಾರಿಣಿ ಸುತ್ತ ನೋಡಿ, “ಎಷ್ಟು ಶಾಂತವಾಗಿದೆ! ಬೇರೆ ಕಡೆ ಹೋದರೆ ಸಂತೆ ನಡೀತಿರುತ್ತೆ” ಎಂದರು. ಡಾಕ್ಟರಮ್ಮನ ಮುಖ ಅರಳಿತು. ದೊಡ್ಡ ಸಿಸ್ಟರ್ ತಲೆ ತಗ್ಗಿಸಿ ಮುಗುಳ್ನಕ್ಕರು. ನಾನು ಹಿಂದೆ ಒರೆಸುವ ಬಟ್ಟೆ ಹಿಡಿದು ನಿಂತಿದ್ದೆ.

ಹಾಸಿಗೆಯಿಂದ ಹಾಸಿಗೆಗೆ ಬರುತ್ತಾ ಹನ್ನೊಂದರ ಹತ್ತಿರ ನಿಂತರು.

“ಏನಮ್ಮ, ಇಲ್ಲಿ ಚೆನ್ನಾಗಿ ನೋಡ್ಕೋತಾರಾ?”

ಮೈಕು ಬಾಯಿಂದ ಟವೆಲ್ ತೆಗೆದಳು. ಮುಖವೆಲ್ಲ ನೀರು, ತುಟಿ ಬೆಳ್ಳಗಾಗಿತ್ತು. ತಲೆಯಾಡಿಸಿದಳು. ಅವಳ ಕಣ್ಣು ಕೇಳಿದವರ ಮೇಲಿರಲಿಲ್ಲ, ಅವರ ಹೆಗಲ ಹಿಂದೆ ನನ್ನನ್ನು ಹುಡುಕುತ್ತಿತ್ತು. ನನ್ನ ಕಣ್ಣು ಅವಳ ಕಾಲಿನ ಕಡೆ ಹೋಯಿತು. ಹೆಬ್ಬೆರಳು ಎರಡೂ ಒಳಕ್ಕೆ ಮಡಚಿ ಕಲ್ಲಾಗಿದ್ದವು. ಹೊದಿಕೆಯ ಅಂಚಿನಿಂದ ನೀರು ತೊಟ್ಟಿಕ್ಕಿ ರಬ್ಬರ್ ಶೀಟಿನ ಮೇಲೆ ಹರಿದಿತ್ತು. ಇಪ್ಪತ್ತೆರಡು ವರ್ಷ ನಾನು ಒರೆಸಿದ್ದು ಅದೇ ನೀರು. ಮಗು ಬರುವ ಹೊತ್ತಾಯಿತೆಂದು ನನಗೆ ಗೊತ್ತಾಯಿತು.

“ಸಿಸ್ಟರ್,” ಎಂದೆ.

ದೊಡ್ಡ ಸಿಸ್ಟರ್ ತಿರುಗಿ ನೋಡಿದರು. ಆ ನೋಟ ಎಂಥದ್ದೆಂದು ಅವರ ಕೈಕೆಳಗೆ ದುಡಿದವರಿಗೇ ಗೊತ್ತು. “ಡಾಕ್ಟರಮ್ಮನ ರೂಮಿಗೆ ಟೀ,” ಎಂದರು ಮೆಲ್ಲಗೆ. “ಈಗಲೇ.”

“ಅಲ್ಲ ಸಿಸ್ಟರ್, ಈ ಹುಡುಗಿ—”

“ಈಗಲೇ ಅಂದೆ.”

ನಾನು ಹೋದೆ. ಯಾರೂ ನನ್ನ ಕೈ ಹಿಡಿದು ಎಳೆದುಕೊಂಡು ಹೋಗಲಿಲ್ಲ, ನನ್ನ ಕಾಲಿನಲ್ಲೇ ನಡೆದು ಹೋದೆ. ಕೆಳಗಿನ ಕ್ಯಾಂಟೀನಿನಲ್ಲಿ ಹಾಲು ಉಕ್ಕಲು ಕಾದೆ. ನಾಲ್ಕು ಲೋಟಕ್ಕೆ ಬಗ್ಗಿಸಿ, ತಟ್ಟೆ ಹಿಡಿದು, ಚೆಲ್ಲದ ಹಾಗೆ ಮೆಟ್ಟಿಲು ಹತ್ತಿದೆ. ಒಬ್ಬೊಬ್ಬರಿಗೇ ಕೊಟ್ಟೆ. ಒಬ್ಬರು ಸಕ್ಕರೆ ಬೇಡ ಎಂದರು. ಮತ್ತೆ ಕೆಳಗಿಳಿದು ಸಕ್ಕರೆ ಇಲ್ಲದ್ದು ತಂದೆ. ಮರಳಿ ವಾರ್ಡಿಗೆ ಬರಲು ಇಪ್ಪತ್ತೈದು ನಿಮಿಷವಾಗಿತ್ತು. ಬಾಗಿಲಿನಿಂದ ಹನ್ನೊಂದನೇ ಹಾಸಿಗೆಗೆ ಓಡಿದೆ.

ಅವಳು ಎರಡೂ ಕೈಯಲ್ಲಿ ಮಂಚದ ಸರಳು ಹಿಡಿದಿದ್ದಳು. ಟವೆಲ್ ಬಾಯಲ್ಲೇ ಇತ್ತು. ಹೊದಿಕೆ ಎತ್ತಿದೆ. ತಲೆ ಪೂರ್ತಿ ಹೊರಗೆ ಬಂದಿತ್ತು, ನೇರಳೆ ಬಣ್ಣಕ್ಕೆ ತಿರುಗಿತ್ತು. ಹೊಕ್ಕುಳಬಳ್ಳಿ ಕುತ್ತಿಗೆಗೆ ಎರಡು ಸುತ್ತು ಬಿಗಿದಿತ್ತು. ಬೇಗ ನೋಡಿದರೆ ಬೆರಳು ತೂರಿಸಿ ಬಳ್ಳಿಯನ್ನು ತಲೆಯ ಮೇಲಿಂದ ಜಾರಿಸಿ ತೆಗೆಯುತ್ತಾರೆ. ಬಿಗಿಯಾಗಿದ್ದರೆ ಕತ್ತರಿಸುತ್ತಾರೆ. ನೂರು ಸಲ ನೋಡಿದ್ದೇನೆ, ನೋಡುವವರಿಗೆ ಅದು ಕೊರಳಿನ ಸರ ತೆಗೆದಷ್ಟು ಸುಲಭ. ನನ್ನ ಬೆರಳು ಒಳಗೆ ಹೋಗಲಿಲ್ಲ.

“ಸಿಸ್ಟರ್!” ಎಂದು ಕೂಗಿದೆ. ಆ ವಾರ್ಡಿನಲ್ಲಿ ನಾನು ಕೂಗಿದ್ದು ಅದೇ ಮೊದಲು.

ಚಿಕ್ಕ ಸಿಸ್ಟರ್ ಬಾಗಿಲಿಂದ ಇಣುಕಿದಳು. “ಶ್! ಅವರಿನ್ನೂ ಹೋಗಿಲ್ಲ!”

ಆಮೇಲೆ ನನ್ನ ಕೈಯ ರಕ್ತ ನೋಡಿ ಓಡಿ ಬಂದಳು. ಅವಳು ತನ್ನ ಕೆಲಸ ಚೆನ್ನಾಗಿಯೇ ಮಾಡಿದಳು. ಬಳ್ಳಿ ಕತ್ತರಿಸಿದಳು, ಮಗುವನ್ನು ಎಳೆದಳು, ಬಾಯೊಳಗಿನದನ್ನು ತೆಗೆದು ಬೆನ್ನು ಉಜ್ಜಿದಳು. ಡಾಕ್ಟರಮ್ಮ ಬಂದು ಮಗುವಿನ ಮೂಗಿಗೆ ರಬ್ಬರ್ ಚೀಲ ಹಿಡಿದು ಗಾಳಿ ಒತ್ತಿದರು. ದೊಡ್ಡ ಸಿಸ್ಟರ್ ಎರಡು ಬೆರಳಿನಿಂದ ಎದೆ ಒತ್ತುತ್ತಾ, “ಅಳು ಕೂಸೇ, ಒಂದು ಸಲ ಅಳು, ನಮ್ಮಮ್ಮ ಅಲ್ವಾ” ಎನ್ನುತ್ತಿದ್ದರು. ಅವರು ಯಾರನ್ನಾದರೂ ಅಳು ಎಂದು ಬೇಡಿಕೊಂಡದ್ದನ್ನು ನಾನು ಎಂದೂ ಕೇಳಿರಲಿಲ್ಲ. ಹೆಣ್ಣುಮಗು. ತಲೆ ತುಂಬ ಕೂದಲಿತ್ತು. ಅರ್ಧ ಗಂಟೆ ನೋಡಿದರು. ಆಮೇಲೆ ನಿಲ್ಲಿಸಿದರು.

ಮೈಕುವಿಗೆ ಕೆಳಗೆ ಹರಿದಿತ್ತು. ಗಡಿಬಿಡಿಯಲ್ಲಿ ಮರಗಟ್ಟಿಸುವ ಸೂಜಿ ಕೊಡದೆಯೇ ಹೊಲಿದರು. ಏಳು ಹೊಲಿಗೆ. ಅವಳು ಆಗಲೂ ಕೂಗಲಿಲ್ಲ. ದಾರ ಕತ್ತರಿಸುತ್ತಾ ಚಿಕ್ಕ ಸಿಸ್ಟರ್ ಕಣ್ಣು ಒರೆಸಿಕೊಂಡು ಹೇಳಿದಳು: “ಪಾಪ, ಎಷ್ಟು ಒಳ್ಳೆ ಹುಡುಗಿ.”

ಗೇಟಿನ ಹೊರಗೆ ಹೋಗಿ ಅವಳ ಗಂಡನಿಗೆ ಹೇಳುವ ಕೆಲಸವೂ ನನ್ನದೇ. ಅವನು ಕಿಟಕಿಯ ಕೆಳಗೆ ಜಾಗ ಹುಡುಕಿಕೊಂಡು ನಿಂತಿದ್ದ. ಹೇಳಿದೆ. ಅವನ ತಲೆಗೆ ಹೋಗಲಿಲ್ಲ.

“ಇಲ್ಲ ಚಿಕ್ಕಮ್ಮ, ಇನ್ನೂ ಶುರುವೇ ಆಗಿಲ್ಲ. ನಾನು ಇಲ್ಲೇ ಕಿವಿ ಕೊಟ್ಟು ನಿಂತಿದೀನಿ. ಅವಳ ದನಿ ಒಂದು ಸಲವೂ ಕೇಳಿಸಲಿಲ್ಲ.”

ಸಂಜೆ ಡಾಕ್ಟರಮ್ಮನ ರೂಮಿಗೆ ನನ್ನನ್ನು ಕರೆಸಿದರು. ದೊಡ್ಡ ಸಿಸ್ಟರ್ ಗೋಡೆ ಹಿಡಿದು ನಿಂತಿದ್ದರು. ಮೇಜಿನ ಮೇಲೆ ಕೇಸ್ ಶೀಟು.

“ನೀನು ಅವತ್ತು ವಾರ್ಡಲ್ಲಿ ಇದ್ದೆಯಲ್ಲ,” ಎಂದರು ಡಾಕ್ಟರಮ್ಮ, ಅದು ಎಷ್ಟೋ ದಿನದ ಹಿಂದಿನ ಮಾತೆಂಬಂತೆ. “ಆ ಹುಡುಗಿ ನೋವಿದೆ ಅಂತ ಯಾರನ್ನಾದರೂ ಕರೆದಳಾ?”

“ಇಲ್ಲ.”

“ಕೂಗಿದಳಾ?”

“ಇಲ್ಲ ಡಾಕ್ಟರಮ್ಮ. ಆದರೆ ಕೂಗಬೇಡ ಅಂದದ್ದು ನಾನು. ಕೂಗಿದರೆ ಇಲ್ಲಿ ಹೊಡೀತಾರೆ ಅಂತ.”

ಅವರು ಪೆನ್ನು ಕೆಳಗಿಟ್ಟರು. “ಇದನ್ನ ಬರೀಲಾ? ಬರೆದರೆ ಪೂರ್ತಿ ಬರೀಬೇಕು. ನೋವಿನಲ್ಲಿದ್ದವಳಿಗೆ ಬಾಯಿ ಮುಚ್ಚು ಅಂತ ಟವೆಲ್ ಕೊಟ್ಟಿದ್ದು ಯಾರು, ನೀರು ಹೋಗಿದ್ದು ನೋಡಿಯೂ ಟೀ ತರೋಕೆ ಹೋಗಿದ್ದು ಯಾರು, ಎಲ್ಲ.”

ಮಧ್ಯಾಹ್ನ ನಾನು ಸಿಸ್ಟರುಗಳ ಮುಂದೆ ಅತ್ತು ಹೇಳಿಕೊಂಡದ್ದೆಲ್ಲ ಅವರಿಗೆ ಮುಟ್ಟಿತ್ತು. ನಾನು ದೊಡ್ಡ ಸಿಸ್ಟರ್ ಕಡೆ ನೋಡಿದೆ. ಅವರು ತಮ್ಮ ಊದಿದ ಪಾದ ನೋಡುತ್ತಿದ್ದರು.

ಡಾಕ್ಟರಮ್ಮ ಬರೆದರು: ರೋಗಿ ನೋವಿನ ಬಗ್ಗೆ ಸಿಬ್ಬಂದಿಗೆ ತಿಳಿಸಿರುವುದಿಲ್ಲ. ಕೆಳಗೆ ಸಾಕ್ಷಿಯ ಜಾಗ ತೋರಿಸಿದರು. ಸುಳ್ಳೇನೂ ಅಲ್ಲವಲ್ಲ. ಇದ್ದದ್ದೇ ಬರೆದಿದ್ದರು. ಇದ್ದದ್ದಕ್ಕೆ ಆಗುವುದಿಲ್ಲ ಎನ್ನುವುದು ಹೇಗೆಂದು ತಿಳಿಯದೆ ಸಹಿ ಹಾಕಿದೆ.

ವಾರ್ಡಿಗೆ ವಾಪಸ್ ಬಂದಾಗ ಮೈಕು ಎಚ್ಚರವಾಗಿದ್ದಳು. ಎರಡೂ ಪಕ್ಕದ ಹಾಸಿಗೆಗಳಲ್ಲಿ ಕೂಸುಗಳು ಅಳುತ್ತಿದ್ದವು. ಬೇರೆ ಕಡೆ ಮಲಗಿಸಿ ಎಂದು ಕೇಳಿದ್ದೆ, ಹಾಸಿಗೆ ಇಲ್ಲ ಎಂದಿದ್ದರು. ನಾನು ಸ್ಟೂಲ್ ಎಳೆದು ಕೂತೆ. ಅವಳ ದನಿ ಒಡೆದ ಬಿದಿರಿನ ಹಾಗೆ ಬಂತು.

“ಚಿಕ್ಕಮ್ಮ, ನಾನು ಕೂಗಲಿಲ್ಲ ಅಲ್ವಾ?”

“ಇಲ್ಲಮ್ಮ.”

“ಒಂದು ಸಲವೂ?”

“ಒಂದು ಸಲವೂ ಇಲ್ಲ.”

“ಮತ್ತೆ ಚೆನ್ನಾಗಿ ನೋಡ್ಕೋತಾರೆ ಅಂದಿದ್ರಿ,” ಎಂದಳು. ಜಗಳಕ್ಕೆ ಹೇಳಿದ್ದಲ್ಲ. ಲೆಕ್ಕ ಎಲ್ಲಿ ತಪ್ಪಿತು ಎಂದು ಮಕ್ಕಳು ಕೇಳುವ ಹಾಗೆ ಕೇಳಿದಳು. ನಾನು ಅವಳ ಕಾಲಿನ ಮೇಲೆ ಹೊದಿಕೆ ಸರಿಮಾಡಿದೆ. ಅದು ಸರಿಯಾಗಿಯೇ ಇತ್ತು.

ಟವೆಲನ್ನು ನಾನೇ ಒಗೆದೆ. ಒಂದು ತುದಿ ಹಲ್ಲು ಕೂತು ಹರಿದಿತ್ತು.

ಆರು ವಾರದ ಮೇಲೆ ಅವಳು ಮತ್ತೆ ಕೆಲಸಕ್ಕೆ ಸೇರಿದಳು. ನಾನು ದಿನಾ ಅದೇ ನಿಲ್ದಾಣದಿಂದ ಬಸ್ಸು ಹತ್ತುವವಳು. ಈಗ ಮೈಕಿನಲ್ಲಿ ಊರು, ಅಂಕಣ, ಹೊತ್ತು, ಅಷ್ಟೇ ಬರುತ್ತದೆ. ಜನ ನಗದೆ ಓಡುತ್ತಾರೆ. ಅವಳ ಮನೆಗೆ ಹೋದರೆ ಕೂರಿಸಿ ನೀರು ಕೊಡುತ್ತಾಳೆ, ಕೇಳಿದ್ದಕ್ಕೆ ಉತ್ತರ ಹೇಳುತ್ತಾಳೆ. ಒಳಗೆ ಅಡುಗೆಮನೆಯಲ್ಲಿ ಅವಳ ಗಂಡ ಪಾತ್ರೆ ತೊಳೆಯುತ್ತಿರುತ್ತಾನೆ. ಯಾರೂ ಹೇಳಿಲ್ಲ, ಅವನೇ ತೊಳೆಯುತ್ತಾನೆ. ಆ ಸದ್ದು ಕೇಳುತ್ತಾ ನಾವಿಬ್ಬರೂ ಕೂತಿರುತ್ತೇವೆ.

ಕೆಲಸ ಬಿಡಬೇಕೆಂದು ಅಂದುಕೊಂಡೆ. ಬಿಟ್ಟರೆ ನನ್ನ ಜಾಗಕ್ಕೆ ಇನ್ನೊಬ್ಬಳು ಬರುತ್ತಾಳೆ, ಅಷ್ಟೇ. ಬಿಡಲಿಲ್ಲ. ಆದರೆ ಒಂದು ತೀರ್ಮಾನ ಮಾಡಿದೆ. ಅದಾದ ಮೊದಲ ವಾರವೇ ತರಕಾರಿ ಮಾರುವ ಹುಡುಗಿಯೊಬ್ಬಳು ಬಂದಳು. ಚೀಲ ಎತ್ತಿಕೊಂಡು ಹೋಗುವಾಗ ಹೆದರಿದ ಕಣ್ಣಲ್ಲಿ ಕೇಳಿದಳು: “ಅಕ್ಕಾ, ಇಲ್ಲಿ ಹೇಗಿರಬೇಕು?”

“ಕೂಗು,” ಎಂದೆ. “ಜೋರಾಗಿ ಕೂಗು. ಯಾರು ಏನಂದರೂ ನಿಲ್ಲಿಸಬೇಡ.”

ಅವಳು ನನ್ನ ಮಾತು ನಂಬಿದಳು. ಊರು ಹಾರಿಹೋಗುವ ಹಾಗೆ ಕೂಗಿದಳು. ಚಿಕ್ಕ ಸಿಸ್ಟರ್ ಬಂದು ಎರಡೂ ಕೆನ್ನೆಗೆ ಬಾರಿಸಿದಳು. “ಯಾರೇ ಹೇಳಿಕೊಟ್ಟಿದ್ದು ನಿನಗೆ ಈ ಬೊಬ್ಬೆ?” ಎಂದು ಕೇಳಿದಾಗ ಆ ಹುಡುಗಿ ತುಟಿಯ ರಕ್ತ ಒರೆಸಿಕೊಳ್ಳುತ್ತಾ ನನ್ನನ್ನು ನೋಡಿದಳು. ನನ್ನ ಹೆಸರು ಹೇಳಲಿಲ್ಲ. ನಾನು ಬಗ್ಗಿ ನೆಲ ಒರೆಸುತ್ತಿದ್ದೆ. ಮಗು ಗುಂಡಗೆ ಹುಟ್ಟಿತು, ಹುಟ್ಟುತ್ತಲೇ ಅತ್ತಿತು. ಮೂರನೇ ದಿನ ಮನೆಗೆ ಹೊರಡುವಾಗ ಚೀಲ ಎತ್ತಿಕೊಳ್ಳಲು ಹೋದೆ. ಅವಳು ನನ್ನ ಕೈಯಿಂದ ಚೀಲ ಕಸಿದುಕೊಂಡಳು. ಅವಳ ಕೆನ್ನೆಯ ಮೇಲೆ ಬೆರಳಿನ ಗುರುತು ಇನ್ನೂ ಮಾಸಿರಲಿಲ್ಲ.

ಮರುದಿನ ಬೆಳಿಗ್ಗೆ ಇನ್ನೊಬ್ಬಳು ಬಂದಳು. ತುಂಬ ಚಿಕ್ಕವಳು, ಜೊತೆಗೆ ಬಂದ ಅತ್ತೆಯನ್ನು ಗೇಟಿನಲ್ಲೇ ನಿಲ್ಲಿಸಿದ್ದರು. ಹನ್ನೊಂದನೇ ಹಾಸಿಗೆ ಖಾಲಿಯಿತ್ತು. ನಾನು ಚೀಲ ಇಟ್ಟೆ. ಎದುರಿನ ಗೋಡೆಯ ಮೇಲೆ ಬೋರ್ಡು ಹೊಳೆಯುತ್ತಿತ್ತು. ವಾರಕ್ಕೊಮ್ಮೆ ಅದರ ಧೂಳು ಒರೆಸುವುದೂ ನನ್ನ ಕೆಲಸವೇ. ಅವಳು ನನ್ನ ತೋಳು ಹಿಡಿದುಕೊಂಡು, ನಾನು ಏನೋ ಹೇಳುತ್ತೇನೆಂದು ಮುಖ ನೋಡುತ್ತಾ ನಿಂತಿದ್ದಳು.

“ಬಾತ್‌ರೂಮು ಆ ಕಡೆ ಇದೆ,” ಎಂದೆ. “ನೆಲ ಜಾರುತ್ತೆ, ಹುಷಾರು.”